ಸ್ಕ್ಯಾಂಡಿನೇವಿಯಾ ಎಂದರೆ ಯಾವ ದೇಶ?

ಮಗಳು ಮಾಲ್ಮೋದಲ್ಲಿದ್ದಾಳೆ ಎಂದು ಹೇಳಿದಾಗಲೆಲ್ಲ ಉಡುಪಿಯಲ್ಲಿ ನನಗೆ ಮೊದಲು ಎದುರಾಗುವ ಪ್ರಶ್ನೆ, ‘ಅದು ಸ್ವಿಟ್ಜರ್‌ಲೆಂಡಿನಲ್ಲಲ್ಲವೇ?’ ಎಂಬುದು. 1834ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಕಟ್ಟಿದ ನಾಡು ನಮ್ಮದು. ಯುರೋಪಿನ ಚಳಿದೇಶ ಎಂದೊಡನೆ ಇಲ್ಲಿಯವರ ನಾಲಿಗೆಗೆ ಸ್ವಿಸ್ ಹೆಸರೇ ಬರುವುದು ಸಹಜ. ಮಾಲ್ಮೋ ಇರುವುದು ಸ್ವೀಡನ್ನಿನಲ್ಲಿ ಎಂದು ತಿಳಿಸಿದ ಮೇಲೆ ಬರುವ ಪ್ರಶ್ನೆ ಇನ್ನೂ ಕಷ್ಟದ್ದು. ಬ್ಯಾಂಕಿನಲ್ಲಿ ನನ್ನ ಜೊತೆ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಮೊನ್ನೆ ರಥಬೀದಿಯಲ್ಲಿ ಸಿಕ್ಕಾಗ ಅದನ್ನೇ ಕೇಳಿದರು: “ಅಲ್ಲ ಮಾರಾಯ್ರೇ, ಸ್ಕ್ಯಾಂಡಿನೇವಿಯಾ ಸ್ಕ್ಯಾಂಡಿನೇವಿಯಾ ಅಂತ ಹೇಳ್ತಾರಲ್ಲ, ಅದು ಯಾವ ದೇಶ?”

ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ನಾನು ಮಗಳ ಮನೆಯಲ್ಲಿ ಒಂದು ಬೇಸಗೆ ಪೂರ್ತಿ, ಹತ್ತು ವಾರ, ಇದ್ದು ಬಂದವನು. ಅಲ್ಲಿ ಕಂಡದ್ದು ಮತ್ತು ಅದರ ನಂತರ ಓದಿ ತಿಳಿದದ್ದು ಸೇರಿ ನನ್ನೊಳಗೆ ಬೆಳೆದ ಉತ್ತರವನ್ನು ಅವರಿಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟುನಿಟ್ಟಾದ ಅರ್ಥದಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಎಂಬ ಮೂರು ರಾಜ್ಯಗಳನ್ನು ಸೇರಿಸಿ ಸ್ಕ್ಯಾಂಡಿನೇವಿಯಾ ಎನ್ನುತ್ತಾರೆ. ಫಿನ್‌ಲೆಂಡ್ ಮತ್ತು ಐಸ್‌ಲೆಂಡ್‌ಗಳನ್ನೂ ಕೂಡಿಸಿಕೊಂಡರೆ ಅಲ್ಲಿಯವರು ಬಳಸುವ ಮಾತು ನಾರ್ಡೆನ್, ಅಂದರೆ ಬಡಗು ನಾಡು. ಆದರೆ ಯಾವ ಅಳತೆಗೋಲು ಹಿಡಿದರೂ ಈ ಗೆರೆ ನೆಟ್ಟಗೆ ನಿಲ್ಲುವುದಿಲ್ಲ. ಭೂಗೋಳವನ್ನು ನಂಬಿದರೆ ಸ್ಕ್ಯಾಂಡಿನೇವಿಯಾ ಪರ್ಯಾಯ ದ್ವೀಪದಲ್ಲಿ ಡೆನ್ಮಾರ್ಕ್ ಇಲ್ಲವೇ ಇಲ್ಲ. ಭಾಷೆಯನ್ನು ನಂಬಿದರೆ, ಈ ಮೂರು ರಾಜ್ಯಗಳ ಮಾತುಗಳಿಗೆ ಮೂಲವಾದ ಹಳೆಯ ನಾರ್ಸ್ ನುಡಿಗೆ ಎಲ್ಲಕ್ಕಿಂತ ಹತ್ತಿರ ಉಳಿದಿರುವ ಐಸ್‌ಲೆಂಡಿನ ಮಾತು ಒಳಗೆ ಬರಬೇಕಿತ್ತು. ಚರಿತ್ರೆಯನ್ನು ನಂಬಿದರೆ, ಬೇರೆಯೇ ಭಾಷಾಕುಟುಂಬಕ್ಕೆ ಸೇರಿದ ನುಡಿಯಾಡುವ ಫಿನ್‌ಲೆಂಡ್ 1809ರವರೆಗೆ ಸುಮಾರು ಆರು ಶತಮಾನ ಸ್ವೀಡನ್ನಿನ ಭಾಗವೇ ಆಗಿತ್ತು; ಇವತ್ತಿಗೂ ಅಲ್ಲಿ ಸ್ವೀಡಿಶ್ ಅಧಿಕೃತ ಭಾಷೆಗಳಲ್ಲೊಂದು. ಹೀಗೆ ಒಂದೊಂದು ಕಾರಣಕ್ಕೂ ಒಂದೊಂದು ನಕ್ಷೆ ಮೂಡುತ್ತದೆ.

ಹೆಸರಿನ ಹುಟ್ಟೇ ದೂರದ್ದು. ಮೊದಲ ಶತಮಾನದಲ್ಲಿ ರೋಮಿನ ಪ್ಲಿನಿ ಎಂಬ ಪಂಡಿತ ಬಡಗಣ ಕಡಲಲ್ಲಿ ಒಂದು ದೊಡ್ಡ ದ್ವೀಪವಿದೆಯೆಂದು ಕೇಳಿ ಅದನ್ನು ‘ಸ್ಕತಿನಾವಿಯಾ’ ಎಂಬಂತಹ ಹೆಸರಿನಿಂದ ದಾಖಲಿಸಿದ. ಅವನು ಅಲ್ಲಿಗೆ ಹೋದವನಲ್ಲ. ಅದು ದ್ವೀಪವೂ ಅಲ್ಲ. ಪದದ ನಡುವೆ ಈಗ ಕೇಳುವ ಅನುನಾಸಿಕ ಮೂಲದಲ್ಲಿ ಇದ್ದದ್ದಲ್ಲ, ಬರೆದುಕೊಳ್ಳುವಾಗ ಸೇರಿಕೊಂಡದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಆ ಹೆಸರಿನ ಬೇರು ಇರುವುದು ಇಂದಿನ ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಎಂಬ ಸೀಮೆಯ ಹೆಸರಿನಲ್ಲಿ. ನನ್ನ ಮಗಳ ಮನೆ ಇರುವ ಮಾಲ್ಮೋ ಆ ಸ್ಕೋನೆಯ ದೊಡ್ಡ ಪಟ್ಟಣ. ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಮಣ್ಣಿನಲ್ಲೇ ನಾನು ದಿನವೂ ಬೆಳಗಿನ ವಾಯುವಿಹಾರ ಮಾಡುತ್ತಿದ್ದೇನೆ ಎಂಬುದು ತಿಳಿದ ದಿನ ನನಗೆ ನಿಜವಾಗಿ ರೋಮಾಂಚನವಾಗಿತ್ತು.

ಮಗಳ ಮನೆಯ ಎದುರಿನ ಬಾಗಿಲಿನಲ್ಲಿ ಎಪ್ಪತ್ತೆಂಟು ವರ್ಷದ ಹೆಂಗಸೊಬ್ಬರು ಒಬ್ಬರೇ ವಾಸವಾಗಿದ್ದರು. ಸ್ವೀಡನ್ನಿನಲ್ಲಿ ಕಳೆದ ಶತಮಾನದ ಅರವತ್ತರ ದಶಕದ ಕೊನೆಯಿಂದ ಬಹುವಚನದ ಮರ್ಯಾದೆಯ ಮಾತು ಹಿಂದೆ ಸರಿದು, ವೈದ್ಯರಿಂದ ಮಂತ್ರಿಯವರೆಗೆ ಎಲ್ಲರನ್ನೂ ಏಕವಚನದಲ್ಲಿ, ಹೆಸರು ಹಿಡಿದು ಕರೆಯುವ ರೂಢಿ ಬಂದಿದೆ. ಮಗಳು ಅವರನ್ನು ಹಾಗೆಯೇ ಕರೆಯುತ್ತಿದ್ದಳು. ನನಗೆ ಬಾಯಿ ಬರಲಿಲ್ಲ. ನಾನು ‘ಅಮ್ಮ’ ಎಂದೇ ಕರೆದೆ. ಆ ಪದದ ಅರ್ಥವನ್ನು ಕೇಳಿ ತಿಳಿದುಕೊಂಡ ಮೇಲೆ ಅವರು ಅದಕ್ಕೇ ಓಗೊಡತೊಡಗಿದರು. ಅವರ ಬಾಲ್ಕನಿಯಲ್ಲಿ ಜುಲೈ ತಿಂಗಳ ಒಂದು ಭಾನುವಾರ ಒಂದು ಬಾವುಟ ಹಾರಿತು. ಸ್ವೀಡನ್ನಿನ ನೀಲಿ ಹಳದಿ ಬಾವುಟವೂ ಅಲ್ಲ, ಡೆನ್ಮಾರ್ಕಿನ ಕೆಂಪು ಬಿಳಿ ಬಾವುಟವೂ ಅಲ್ಲ. ಕೆಂಪು ಬಟ್ಟೆಯ ಮೇಲೆ ಹಳದಿ ಶಿಲುಬೆ. ಕೆಂಪು ಡೆನ್ಮಾರ್ಕಿನದು, ಹಳದಿ ಸ್ವೀಡನ್ನಿನದು. ಅದು ಸ್ಕೋನೆಯ ಬಾವುಟ.

ಆ ಬಟ್ಟೆಯ ಹಿಂದೆ ಒಂದು ಚಳಿಗಾಲದ ಕಥೆಯಿದೆ. ಸ್ಕೋನೆ 1658ರವರೆಗೆ ಡೆನ್ಮಾರ್ಕಿಗೆ ಸೇರಿತ್ತು. ಆ ವರ್ಷದ ಚಳಿ ಎಷ್ಟಿತ್ತೆಂದರೆ ಡೆನ್ಮಾರ್ಕಿನ ದ್ವೀಪಗಳ ನಡುವಿನ ಕಡಲೇ ಹೆಪ್ಪುಗಟ್ಟಿತು. ಸ್ವೀಡನ್ನಿನ ದೊರೆ ಹತ್ತನೆಯ ಕಾರ್ಲ್ ಗುಸ್ತಾವ್ ತನ್ನ ಕುದುರೆ ಕಾಲಾಳುಗಳನ್ನು ಮಂಜುಗಡ್ಡೆಯ ಮೇಲೆಯೇ ನಡೆಸಿಕೊಂಡು ಕೋಪನ್‌ಹೇಗನ್ನಿನ ಹತ್ತಿರಕ್ಕೆ ಬಂದುಬಿಟ್ಟ. ರೋಸ್ಕಿಲ್ಡೆಯಲ್ಲಿ ಸಂಧಿಯಾಗಿ ಡೆನ್ಮಾರ್ಕ್ ಸ್ಕೋನೆಯನ್ನೂ ಇನ್ನೂ ಕೆಲವು ಸೀಮೆಗಳನ್ನೂ ಬಿಟ್ಟುಕೊಡಬೇಕಾಯಿತು. ಎಂಟು ವರ್ಷಗಳ ಬಳಿಕ, 1666ರಲ್ಲಿ, ಹೊಸದಾಗಿ ಸಿಕ್ಕಿದ ಈ ಜನರನ್ನು ಸ್ವೀಡಿಶರನ್ನಾಗಿಸುವ ಉದ್ದೇಶವೂ ಸೇರಿಕೊಂಡು ಲುಂಡ್ ಪಟ್ಟಣದಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿತು. ಶಾಲೆ, ಚರ್ಚು, ಕಾನೂನುಗಳ ಭಾಷೆ ಬದಲಾಯಿತು. ಆದರೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ನಮ್ಮ ಅಮ್ಮನ ‘ರ’ಕಾರ ಡೆನ್ಮಾರ್ಕಿನವರಂತೆ ಗಂಟಲಿನಿಂದಲೇ ಬರುತ್ತಿತ್ತು. ಸ್ಟಾಕ್‌ಹೋಮಿಗೆ ಹೋದರೆ ಅಲ್ಲಿಯವರು ತನ್ನ ಮಾತನ್ನು ಎರಡು ಸಲ ಕೇಳಿಸಿಕೊಳ್ಳುತ್ತಾರೆ ಎಂದು ಅವರು ಮಗಳ ಬಳಿ ಹೇಳಿದ್ದರಂತೆ.

ಸ್ಕೋನೆಗಾಗಿ ಅಷ್ಟು ಹೋರಾಟ ನಡೆದದ್ದಕ್ಕೆ ಕಾರಣ ಅದರ ಗದ್ದೆಗಳು ಮಾತ್ರವಲ್ಲ, ಎದುರಿನ ನೀರು. ಓರೆಸುಂದ್ ಎಂಬ ಆ ಜಲಸಂಧಿ ಹೆಲ್ಸಿಂಗೋರ್ ಎಂಬಲ್ಲಿ ನಾಲ್ಕು ಕಿಲೋಮೀಟರಿನಷ್ಟೇ ಅಗಲ. ಬಾಲ್ಟಿಕ್ ಸಮುದ್ರಕ್ಕೆ ಹೋಗಿಬರುವ ಹಡಗುಗಳು ಅಲ್ಲಿ ನಿಂತು ಡೆನ್ಮಾರ್ಕಿನ ದೊರೆಗೆ ಸುಂಕ ಕಟ್ಟಬೇಕಿತ್ತು. ಹದಿನೈದನೆಯ ಶತಮಾನದಲ್ಲಿ ಶುರುವಾದ ಆ ಸುಂಕ ನಿಂತದ್ದು 1857ರಲ್ಲಿ. ಎರಡೂ ದಡ ಒಬ್ಬನ ಕೈಯಲ್ಲಿರುವ ತನಕ ಇನ್ನೊಬ್ಬನಿಗೆ ನಿದ್ದೆಯಿಲ್ಲ ಎಂಬ ಸ್ಥಿತಿ ಅದು. ಹೊಳೆಬಾಗಿಲುಗಳ ಬಂದರುಗಳಿಗಾಗಿ ಅರಸರೂ ಪೋರ್ಚುಗೀಸರೂ ಕಾದಾಡಿದ ಕರಾವಳಿಯ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಮೂರು ರಾಜ್ಯಗಳು ಒಂದಾಗಿದ್ದ ಕಾಲವೂ ಇತ್ತು. 1397ರಲ್ಲಿ ರಾಣಿ ಮಾರ್ಗರೇಟಳ ಚಾತುರ್ಯದಿಂದ ಕಾಲ್ಮಾರಿನಲ್ಲಿ ಕೂಡಿದ ಒಕ್ಕೂಟ ಜಗಳವಾಡುತ್ತಲೇ ಬಾಳಿತು. 1520ರಲ್ಲಿ ಸ್ಟಾಕ್‌ಹೋಮಿನಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್ ಸ್ವೀಡನ್ನಿನ ಕುಲೀನರನ್ನೂ ಪಾದ್ರಿಗಳನ್ನೂ ಕೊಲ್ಲಿಸಿದ. ಮೂರು ವರ್ಷದಲ್ಲಿ ಗುಸ್ತಾವ್ ವಾಸಾ ಸ್ವೀಡನ್ನಿನ ದೊರೆಯಾಗಿ ಆಯ್ಕೆಯಾದ, ಒಕ್ಕೂಟ ಮುರಿಯಿತು. ಅವನು ಆಯ್ಕೆಯಾದ ಜೂನ್ 6 ಇಂದಿಗೂ ಸ್ವೀಡನ್ನಿನ ರಾಷ್ಟ್ರೀಯ ದಿನ. ನೆರೆಯವನಿಂದ ಬೇರ್ಪಟ್ಟ ದಿನವನ್ನೇ ಹಬ್ಬವಾಗಿ ಆಚರಿಸುವ ಜನ ಅದೇ ನೆರೆಯವನೊಂದಿಗೆ ಒಂದೇ ಹೆಸರಿನಡಿ ಬಾಳುತ್ತಿದ್ದಾರೆ ಎಂಬುದನ್ನು ನಾನು ಬಹಳ ದಿನ ಯೋಚಿಸಿದ್ದೇನೆ.

ಯುದ್ಧಗಳ ಸರಣಿಯನ್ನು ಬಿಟ್ಟು ಮುಂದೆ ಬರುತ್ತೇನೆ, ಏಕೆಂದರೆ ‘ನಾನು ಸ್ಕ್ಯಾಂಡಿನೇವಿಯನ್’ ಎಂದು ಜನ ಎದೆತಟ್ಟಿ ಹೇಳಿಕೊಂಡ ಕಾಲ ಹತ್ತೊಂಬತ್ತನೆಯ ಶತಮಾನದ್ದು. 1829ರಲ್ಲಿ ಲುಂಡಿನ ಕೆಥೆಡ್ರಲಿನಲ್ಲಿ ಸ್ವೀಡನ್ನಿನ ಕವಿ ಈಸಾಯಸ್ ತೆಗ್ನೇರ್ ಡೆನ್ಮಾರ್ಕಿನ ಕವಿ ಆದಾಮ್ ಊಲೆನ್‌ಶ್ಲೇಗರನ ತಲೆಗೆ ಲಾರೆಲ್ ಎಲೆಗಳ ಕಿರೀಟ ತೊಡಿಸಿ, ಒಡಕಿನ ಕಾಲ ಮುಗಿಯಿತೆಂದು ಸಾರಿದ. ಯಾರ ಕೈಯಿಂದ ಯಾರು ಕಸಿದುಕೊಂಡ ಊರಿನಲ್ಲಿ ಈ ಸಮಾರಂಭ ನಡೆಯಿತು ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ಮುಂದಿನ ದಶಕಗಳಲ್ಲಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಹಡಗುಗಳಲ್ಲಿ ಪರಸ್ಪರರ ಪಟ್ಟಣಗಳಿಗೆ ಹೋಗಿ ಹಾಡಿದರು, ಭಾಷಣ ಮಾಡಿದರು, ಒಂದೇ ರಾಜ್ಯದ ಕನಸು ಕಂಡರು. ಲುಂಡಿನ ಆ ಕೆಥೆಡ್ರಲಿನ ತಂಪು ಕಲ್ಲಿನ ಕಂಬವೊಂದಕ್ಕೆ ಅಂಗೈ ಊರಿ ನಾನು ತುಸು ಹೊತ್ತು ನಿಂತಿದ್ದೆ. ಕವಿಗಳು ಶುರುಮಾಡಿದ ರಾಜಕೀಯ ಎಂಬ ಕಾರಣಕ್ಕೆ ಆ ಚಳವಳಿಯ ಮೇಲೆ ನನಗೆ ಪ್ರೀತಿ.

ಅದು ಪರೀಕ್ಷೆಗೆ ಬಂದದ್ದು 1864ರಲ್ಲಿ. ಪ್ರಶ್ಯಾ ಮತ್ತು ಆಸ್ಟ್ರಿಯಾ ಸೇರಿ ಡೆನ್ಮಾರ್ಕಿನ ಮೇಲೆ ಏರಿಬಂದಾಗ ಒಂದೇ ದೊರೆಯಡಿ ಇದ್ದ ಸ್ವೀಡನ್-ನಾರ್ವೆಗಳ ಸೇನೆ ಸಹಾಯಕ್ಕೆ ಹೊರಡಲಿಲ್ಲ. ಸ್ವಂತ ಇಚ್ಛೆಯಿಂದ ಹೋದ ಕೆಲವು ನೂರು ಯುವಕರು ಮಾತ್ರ ಹೋದರು. ಡೆನ್ಮಾರ್ಕ್ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್‌ಗಳನ್ನು ಕಳೆದುಕೊಂಡಿತು. ಒಂದೇ ರಾಜ್ಯದ ಕನಸು ಅಲ್ಲಿಗೆ ನಿಂತಿತು. ಬಳಿಕ 1905ರಲ್ಲಿ ನಾರ್ವೆ ಸ್ವೀಡನ್ನಿನ ಒಕ್ಕೂಟದಿಂದ ಹೊರಬಂತು. ಜನಮತದಲ್ಲಿ ಬೇರೆಯಾಗುವ ಪರವಾಗಿ 3,68,208 ಮತಗಳು, ವಿರುದ್ಧವಾಗಿ 184. ಗಡಿಯಲ್ಲಿ ಎರಡೂ ಕಡೆ ಸೈನ್ಯ ಸಜ್ಜಾಗಿದ್ದರೂ ಗುಂಡು ಹಾರದೆ ಮಾತುಕತೆಯಲ್ಲೇ ಅದು ಮುಗಿಯಿತು.

ನನಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ದೊಡ್ಡ ಕನಸು ಮುರಿದುಬಿದ್ದ ಮೇಲೆಯೇ ಆ ಪ್ರದೇಶದ ಜನ ಸಣ್ಣ ಸಣ್ಣ ಸಂಗತಿಗಳಲ್ಲಿ ಒಂದಾಗತೊಡಗಿದರು, ಮತ್ತು ಬಾಳಿದ್ದು ಆ ಸಣ್ಣವೇ. ಬ್ಯಾಂಕಿನವನಾದ್ದರಿಂದ ಮೊದಲ ಉದಾಹರಣೆಯಾಗಿ ಹಣವನ್ನೇ ಹೇಳುತ್ತೇನೆ. 1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್, ಎರಡು ವರ್ಷಗಳ ಬಳಿಕ ನಾರ್ವೆ, ಒಂದೇ ತೂಕದ ಚಿನ್ನದ ನಾಣ್ಯಕ್ಕೆ ಒಪ್ಪಿದವು. ಒಂದು ಕಿಲೋಗ್ರಾಂ ಶುದ್ಧ ಚಿನ್ನಕ್ಕೆ 2,480 ಕ್ರೋನ್ ಎಂಬ ಲೆಕ್ಕ. ಯಾವ ದೇಶದ ನಾಣ್ಯವಾದರೂ ಉಳಿದೆರಡರಲ್ಲಿ ಮುಖಬೆಲೆಗೇ ಚಲಾವಣೆ. ಮೊದಲ ಮಹಾಯುದ್ಧ ಶುರುವಾದಾಗ ಚಿನ್ನದ ಕಟ್ಟು ಸಡಿಲಿ ವ್ಯವಸ್ಥೆ ಕುಸಿಯಿತು. ಹೆಸರು ಮಾತ್ರ ಉಳಿಯಿತು: ಮೂರೂ ದೇಶಗಳ ಹಣಕ್ಕೆ ಇಂದೂ ‘ಕಿರೀಟ’ ಎಂದೇ ಅರ್ಥ, ಬೆಲೆ ಬೇರೆ ಬೇರೆ. ಕೋಪನ್‌ಹೇಗನ್ನಿನಲ್ಲಿ ಸಂಬಳ ಪಡೆದು ಮಾಲ್ಮೋದಲ್ಲಿ ಬಾಡಿಗೆ ಕಟ್ಟುವ ನನ್ನ ಮಗಳು ತಿಂಗಳ ಕೊನೆಯಲ್ಲಿ ಈ ಎರಡು ಕಿರೀಟಗಳ ವ್ಯತ್ಯಾಸವನ್ನು ಕೂತು ಲೆಕ್ಕಹಾಕುತ್ತಾಳೆ.

ಎರಡನೆಯ ಮಹಾಯುದ್ಧದ ಬಳಿಕವೂ ಇದೇ ಕ್ರಮ ಮರುಕಳಿಸಿತು. ಮೂರು ದೇಶಗಳ ಸಮಾನ ರಕ್ಷಣಾ ಕೂಟವನ್ನು ಕಟ್ಟುವ ಮಾತುಕತೆ 1949ರಲ್ಲಿ ಮುರಿಯಿತು. ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್‌ಗಳು ನ್ಯಾಟೋ ಸೇರಿದವು, ಸ್ವೀಡನ್ ಹೊರಗುಳಿಯಿತು. 1970ರಲ್ಲಿ ಸಮಾನ ಆರ್ಥಿಕ ಒಕ್ಕೂಟದ ಯೋಜನೆಯೂ ಬಿದ್ದುಹೋಯಿತು. ಡೆನ್ಮಾರ್ಕ್ 1973ರಲ್ಲಿ ಯುರೋಪಿಯನ್ ಸಮುದಾಯಕ್ಕೆ ಸೇರಿದರೆ, ನಾರ್ವೆಯ ಜನ 1972 ಮತ್ತು 1994ರಲ್ಲಿ ಎರಡು ಸಲ ಬೇಡವೆಂದರು. ಸ್ವೀಡನ್, ಫಿನ್‌ಲೆಂಡ್‌ಗಳು 1995ರಲ್ಲಿ ಒಳಗೆ ಬಂದವು. ದೊಡ್ಡ ನಿರ್ಧಾರಗಳಲ್ಲಿ ಇವರು ಒಂದು ದಾರಿ ಹಿಡಿದದ್ದೇ ಅಪರೂಪ. ಆದರೆ 1952ರಲ್ಲಿ ನಾರ್ಡಿಕ್ ಪರಿಷತ್ತು ಸ್ಥಾಪನೆಯಾಯಿತು, ಅದೇ ವರ್ಷದಿಂದ ನೆರೆದೇಶಕ್ಕೆ ಪಾಸ್‌ಪೋರ್ಟ್ ಇಲ್ಲದೆ ಹೋಗಿಬರಲು ದಾರಿಯಾಯಿತು, 1954ರಿಂದ ಯಾರು ಎಲ್ಲಿ ಬೇಕಾದರೂ ಪರವಾನಗಿಯಿಲ್ಲದೆ ದುಡಿಯಬಹುದಾಯಿತು. ಯುರೋಪಿನ ಉಳಿದವರಲ್ಲಿ ಹೆಚ್ಚಿನವರು ಇದನ್ನು ಮಾಡುವುದಕ್ಕೆ ದಶಕಗಳ ಮೊದಲಿನ ಮಾತಿದು.

ಓರೆಸುಂದ್ ಮೇಲಿನ ಸೇತುವೆ 2000ದ ಜುಲೈ 1ರಂದು ತೆರೆಯಿತು. ಸುಮಾರು ಎಂಟು ಕಿಲೋಮೀಟರ್ ಸೇತುವೆ, ಮಧ್ಯೆ ಮನುಷ್ಯರು ಕಟ್ಟಿದ ಒಂದು ದ್ವೀಪ, ಅಲ್ಲಿಂದ ನಾಲ್ಕು ಕಿಲೋಮೀಟರ್ ಕಡಲಡಿಯ ಸುರಂಗ. ಮಗಳೊಂದಿಗೆ ನಾನು ಮೊದಲ ಸಲ ರೈಲಿನಲ್ಲಿ ದಾಟಿದಾಗ ಗಡಿ ಎಲ್ಲಿ ಬಂತೆಂದು ಕಿಟಕಿಯಿಂದ ಹುಡುಕುತ್ತಲೇ ಇದ್ದೆ. ಕಂಬಿಗಳ ಸಂದಿಯಲ್ಲಿ ಬೂದು ನೀರು, ನೀರಿನ ನಡುವೆ ಸಾಲಾಗಿ ನಿಂತ ಗಾಳಿಯಂತ್ರಗಳು, ಅಷ್ಟೇ. ಮೊಬೈಲಿಗೆ ಬೇರೆ ದೇಶಕ್ಕೆ ಸ್ವಾಗತ ಎಂಬ ಸಂದೇಶ ಬಂದು ಸದ್ದು ಮಾಡಿದಾಗಲೇ ನನಗೆ ತಿಳಿದದ್ದು. ಈ ಸಲೀಸು ಎಂದೆಂದಿಗೂ ಇರುವಂಥದ್ದೂ ಅಲ್ಲ. ನಿರಾಶ್ರಿತರ ಬರವು ಹೆಚ್ಚಿದಾಗ 2016ರ ಜನವರಿಯಲ್ಲಿ ಸ್ವೀಡನ್ ಗುರುತುಚೀಟಿಯ ತಪಾಸಣೆ ಶುರುಮಾಡಿತು. ಆಗ ದಿನವೂ ಪ್ಲಾಟ್‌ಫಾರಂನಲ್ಲಿ ಸಾಲು ನಿಂತವರು ಮಗಳ ಸಹೋದ್ಯೋಗಿಗಳಲ್ಲಿ ಹಲವರಿದ್ದಾರೆ, ಇಂದಿಗೂ ಅದನ್ನು ನೋವಿನಿಂದಲೇ ನೆನೆಯುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ, ಡೇನಿಶ್, ನಾರ್ವೀಜಿಯನ್, ಸ್ವೀಡಿಶ್‌ಗಳು ಒಂದೇ ತಾಯಿಯ ಮಕ್ಕಳು. ಬರೆದದ್ದನ್ನು ಒಬ್ಬರದ್ದೊಬ್ಬರು ಓದಬಲ್ಲರು. ಆಡಿದ್ದನ್ನು ಹಿಡಿಯುವುದು ಕಷ್ಟ. ನಾಲ್ಕು ಶತಮಾನ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ನಾರ್ವೆಯ ಒಂದು ಬರವಣಿಗೆಯ ರೂಪ ಡೇನಿಶಿನಿಂದ ಬಂದದ್ದು, ಉಚ್ಚಾರ ಸ್ವೀಡಿಶಿಗೆ ಹತ್ತಿರ. ಹಾಗಾಗಿ ಎರಡೂ ಕಡೆಯವರ ಮಾತು ಚೆನ್ನಾಗಿ ತಿಳಿಯುವುದು ನಾರ್ವೆಯವರಿಗೆ. ಈವಾರ್ ಓಸೆನ್ ಎಂಬ ರೈತರ ಮಗ ಊರೂರು ನಡೆದು ಹಳ್ಳಿಯ ನುಡಿಗಳನ್ನು ಕೂಡಿಹಾಕಿ ಕಟ್ಟಿದ ಇನ್ನೊಂದು ಬರಹರೂಪಕ್ಕೆ 1885ರಲ್ಲಿ ಸಮಾನ ಸ್ಥಾನ ಸಿಕ್ಕಿತು. ಒಂದು ದಿನ ಕೋಪನ್‌ಹೇಗನ್ನಿನ ಬೇಕರಿಯಲ್ಲಿ ಸ್ವೀಡಿಶ್ ಕಲಿತ ನನ್ನ ಮಗಳು ಬ್ರೆಡ್ಡಿನ ಬೆಲೆ ಕೇಳಿ ತಬ್ಬಿಬ್ಬಾದಳು. ಐವತ್ತಕ್ಕೆ ಡೇನಿಶಿನಲ್ಲಿ ಹೇಳುವ ಮಾತಿನ ಮೂಲ ‘ಇಪ್ಪತ್ತರ ಎರಡೂವರೆ ಪಟ್ಟು’, ತೊಂಬತ್ತಕ್ಕೆ ‘ಇಪ್ಪತ್ತರ ನಾಲ್ಕೂವರೆ ಪಟ್ಟು’. ಸ್ವೀಡಿಶಿನಲ್ಲಿ ನಮ್ಮಂತೆ ನೇರವಾಗಿ ಐದು ಹತ್ತು, ಒಂಬತ್ತು ಹತ್ತು. ‘ರೂಲಿ’ ಎಂದು ಕೇಳಿಸುವ ಒಂದೇ ಪದಕ್ಕೆ ಡೇನಿಶಿನಲ್ಲಿ ‘ಶಾಂತ’ ಎಂದೂ ಸ್ವೀಡಿಶಿನಲ್ಲಿ ‘ಮೋಜಿನ’ ಎಂದೂ ಅರ್ಥ. ಕುಂದಾಪುರದಲ್ಲಿ ‘ಹೋಯ್ಕ್’, ‘ಬರ್ಕ್’ ಎಂಬ ಕನ್ನಡ ಕೇಳುತ್ತ ಬಸ್ಸು ಹತ್ತಿ, ಕಲ್ಯಾಣಪುರದ ಹೊಳೆ ದಾಟಿದ ಮೇಲೆ ತುಳು, ಕೊಂಕಣಿ, ಬ್ಯಾರಿ ಮಾತುಗಳ ನಡುವೆ ಮಂಗಳೂರಿನಲ್ಲಿ ಇಳಿಯುವ ನಮಗೆ ಇಂತಹ ಸಂತೆಯಲ್ಲಿ ಬದುಕುವುದು ಹೊಸದಲ್ಲ. ಬೇಸರದ ಸಂಗತಿಯೆಂದರೆ ಅಲ್ಲಿಯ ಎಳೆಯರು ನೆರೆಯ ಭಾಷೆಗೆ ಕಿವಿಗೊಡುವ ಬದಲು ಇಂಗ್ಲಿಷಿಗೆ ಹೊರಳುತ್ತಿದ್ದಾರೆ. ಮಗಳ ಕಚೇರಿಯಲ್ಲಿ ಡೇನರೂ ಸ್ವೀಡರೂ ಸಭೆ ನಡೆಸುವುದು ಇಂಗ್ಲಿಷಿನಲ್ಲೇ.

ಈ ಹೆಸರಿನ ನೆರಳಿನಲ್ಲಿ ಮರೆಯಾದವರೂ ಇದ್ದಾರೆ. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳ ಉತ್ತರ ಭಾಗದಲ್ಲೂ ರಷ್ಯಾದ ಒಂದು ಮೂಲೆಯಲ್ಲೂ ಹರಡಿರುವ ಸಾಮಿ ಜನರಿಗೆ ಆ ನೆಲ ಸಾಪ್ಮಿ. ಹಿಮಸಾರಂಗ ಸಾಕಿ, ಮೀನು ಹಿಡಿದು ಬಾಳಿದ ಅವರ ನುಡಿಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ನಾರ್ವೆಯ ಶಾಲೆಗಳು ಹೊರಗಟ್ಟಿದವು, ಮಕ್ಕಳನ್ನು ವಸತಿಶಾಲೆಗಳಲ್ಲಿ ಇಟ್ಟು ನಾರ್ವೀಜಿಯನ್ನರನ್ನಾಗಿಸಲು ನೋಡಿದವು. 1989ರಲ್ಲಿ ಕರಾಶೋಕಿನಲ್ಲಿ ಅವರದೇ ಸಂಸತ್ತು ಆರಂಭವಾಯಿತು. ನಾರ್ವೆಯ ದೊರೆ ಐದನೆಯ ಹರಾಲ್ಡ್ 1997ರಲ್ಲಿ ಅಲ್ಲಿಗೆ ಹೋಗಿ, ಈ ರಾಜ್ಯ ಇಬ್ಬರು ಜನಾಂಗಗಳ ನೆಲದ ಮೇಲೆ ನಿಂತಿದೆ ಎಂದು ಒಪ್ಪಿಕೊಂಡು, ಸಾಮಿಗಳಿಗೆ ಆದ ಅನ್ಯಾಯಕ್ಕೆ ಕ್ಷಮೆ ಕೇಳಿದರು. ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ನಮ್ಮಲ್ಲಿ 2000ದ ಕಾನೂನಿನ ತನಕ ಕಾಯಬೇಕಾಯಿತು. ಸಾಮಿಗಳ ಬಗ್ಗೆ ಓದುವಾಗ ನನಗೆ ತಲೆ ತಗ್ಗಿಸುವಂತಾದದ್ದು ನಮ್ಮ ನಾಡಿನ ಈ ನೆನಪಿನಿಂದ.

ಇನ್ನು ಸ್ಕ್ಯಾಂಡಿನೇವಿಯನ್ ಎಂಬ ಗುರುತನ್ನು ಯಾರು ಹೊತ್ತುಕೊಳ್ಳುತ್ತಾರೆ? ಅಮ್ಮನನ್ನು ನಾನು ನೇರವಾಗಿಯೇ ಕೇಳಿದೆ. ಮಗಳು ಭಾಷಾಂತರಿಸಿದಳು. “ಈ ಕಟ್ಟಡದಲ್ಲಿ ಹಾಗೆ ಯಾರೂ ಹೇಳಿಕೊಳ್ಳುವುದಿಲ್ಲ. ನಾನು ಸ್ಕೋನೆಯವಳು, ಆಮೇಲೆ ಸ್ವೀಡನ್ನಿನವಳು. ಸ್ಕ್ಯಾಂಡಿನೇವಿಯನ್ ಆದದ್ದು ಅಕ್ಕನ ಮನೆಗೆಂದು ಅಮೆರಿಕಕ್ಕೆ ಹೋದಾಗ” ಎಂದರು. ಈ ಮಾತಿನಲ್ಲಿ ಎಷ್ಟೋ ಚರಿತ್ರೆ ಅಡಗಿದೆ. 1946ರಲ್ಲಿ ಮೂರು ದೇಶಗಳು ಕೂಡಿ ವಿಮಾನ ಕಂಪನಿ ಕಟ್ಟಿದಾಗ, ಸ್ವೀಡನ್ನಿಗೆ ಏಳರಲ್ಲಿ ಮೂರು ಪಾಲು, ಉಳಿದಿಬ್ಬರಿಗೆ ಎರಡೆರಡು ಎಂದು ಹಂಚಿಕೊಂಡು, ಅಟ್ಲಾಂಟಿಕ್ ದಾಟುವ ವಿಮಾನಗಳಿಗೆ ಸ್ಕ್ಯಾಂಡಿನೇವಿಯನ್ ಎಂಬ ಹೆಸರಿಟ್ಟವು. 1954ರಿಂದ 1957ರವರೆಗೆ ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳಲ್ಲಿ ಸಂಚರಿಸಿದ ಪ್ರದರ್ಶನವೊಂದು ಈ ಬಡಗು ನಾಡುಗಳ ಕುರ್ಚಿ, ಬಟ್ಟೆ, ಗಾಜಿನ ಪಾತ್ರೆಗಳಿಗೆ ‘ಸ್ಕ್ಯಾಂಡಿನೇವಿಯನ್ ವಿನ್ಯಾಸ’ ಎಂಬ ಮುದ್ರೆಯೊತ್ತಿತು. ಅದರಲ್ಲಿ ಫಿನ್‌ಲೆಂಡಿನ ವಸ್ತುಗಳೂ ಸೇರಿದ್ದವು, ಅಮೆರಿಕದವರು ಯಾರೂ ಗೆರೆ ಎಳೆಯಲಿಲ್ಲ. ಪ್ಲಿನಿಯ ಕಾಲದಿಂದಲೂ ಆ ನೆಲವನ್ನು ಒಂದು ಹೆಸರಿನಿಂದ ಕಂಡದ್ದು ದೂರದ ಕಣ್ಣೇ. ಕುಂದಾಪುರದವರು, ಉಡುಪಿಯವರು, ಕಾಸರಗೋಡಿನವರು ಮುಂಬಯಿಯ ಹೋಟೆಲುಗಳಲ್ಲಿ ಒಟ್ಟಿಗೆ ದುಡಿಯುವಾಗ ಎಲ್ಲರೂ ‘ಮಂಗಳೂರಿನವರು’ ಆಗಿಬಿಡುವುದನ್ನು ನಾನು ಅಲ್ಲಿಯ ಶಾಖೆಯಲ್ಲಿದ್ದ ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಆ ಮಧ್ಯಾಹ್ನ ಅಮ್ಮ ಕಾಫಿ ಬಸಿದು, ಏಲಕ್ಕಿ ಹಾಕಿದ ಬನ್ನು ಇಟ್ಟರು. ಏಲಕ್ಕಿ ನಮ್ಮ ಘಟ್ಟದ ಕಡೆ ಬೆಳೆಯುತ್ತದೆ ಎಂದು ಹೇಳಿದೆ. ಹಾಗಾದರೆ ನಿಮ್ಮ ಸೀಮೆಯ ಹೆಸರೇನು ಎಂದು ಕೇಳಿದರು. ತುಳುನಾಡು ಎಂದೆ. ನಕ್ಷೆಯಲ್ಲಿ ಅಂತಹ ಹೆಸರು ಕಾಣಲಿಲ್ಲ ಎಂದು ಅವರು ಕನ್ನಡಕ ಸರಿಪಡಿಸಿಕೊಂಡರು. ನಾನು ಮೇಜಿನ ಮೇಲೆ ಬಿದ್ದಿದ್ದ ಸಕ್ಕರೆಯ ಪುಡಿಯಲ್ಲಿ ಬೆರಳಿನಿಂದ ಕಡಲತೀರದ ಗೆರೆ ಎಳೆದು, ಕೆಳಗೆ ಚಂದ್ರಗಿರಿ ಹೊಳೆಯನ್ನೂ ಮೇಲೆ ಕಲ್ಯಾಣಪುರದ ಹೊಳೆಯನ್ನೂ ತೋರಿಸಿದೆ; ಕೆಳಗಿನ ತುಂಡು 1956ರಲ್ಲಿ ಬೇರೆ ರಾಜ್ಯಕ್ಕೆ ಹೋಯಿತೆಂದೂ ಹೇಳಿದೆ. ಅವರು ಆ ತುಂಡಿನ ಮೇಲೆ ಬೆರಳಿಟ್ಟು, ಇಲ್ಲಿಯವರು ಈಗ ಯಾವ ಭಾಷೆ ಆಡುತ್ತಾರೆ ಎಂದು ಕೇಳಿದರು. ಎಲ್ಲವನ್ನೂ ಎಂದೆ. ಅವರು ತಲೆಯಾಡಿಸಿ, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದರು.